ಪುಲ್ಲಿ ಬದಲಿಸಿದರೆ ಕಾರಿನ ಪವರ್, ಮೈಲೇಜ್ ಹೆಚ್ಚುತ್ತದೆಯೇ?

ಎಂಜಿನ್ ಬಿಚ್ಚುವುದೇ ಬೇಡ, ಮುಂದಿನ ಒಂದು ಪುಲ್ಲಿ ಬದಲಿಸಿದರೆ ಸಾಕು, ಕಾರಿಗೆ ಪವರ್ರೂ ಬರುತ್ತದೆ ಮೈಲೇಜೂ ಬರುತ್ತದೆ. ಹೊಳೆಯುವ ಅಲ್ಯೂಮಿನಿಯಂ ಪುಲ್ಲಿಯ ವಿಡಿಯೊ ಜೊತೆಗೆ ಇಂಥದ್ದೊಂದು ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದನ್ನು ಅಂಡರ್‌ಡ್ರೈವ್ ಪುಲ್ಲಿ ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯದೆ ಹಾಕಿಸಿಕೊಂಡರೆ ಘಾಟಿ ರಸ್ತೆಯಲ್ಲಿ ಕೈಕೊಡುವ ಸಾಧ್ಯತೆ ಇದೆ.

ಹಿಟ್ಟಿನ ಗಿರಣಿಯ ಲೆಕ್ಕ

ಗುಂಡ್ಲುಪೇಟೆಯಲ್ಲಿರಲಿ, ಅದೇ ತಾಲ್ಲೂಕಿನ ಭೀಮನಬೀಡಿನಲ್ಲಿರಲಿ, ರಾಗಿ ಬೀಸಿಸಲು ಗಿರಣಿಗೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಮೋಟಾರಿಗೆ ಒಂದು ಪುಲ್ಲಿ, ಬೀಸುವ ಯಂತ್ರಕ್ಕೆ ಇನ್ನೊಂದು ಪುಲ್ಲಿ, ನಡುವೆ ಬೆಲ್ಟು. ಮೋಟಾರಿನ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಯಂತ್ರ ನಿಧಾನವಾಗಿ ತಿರುಗುತ್ತದೆ, ಮೋಟಾರಿನ ಮೇಲೆ ಭಾರ ಇಳಿದಂತೆ ಕಾಣುತ್ತದೆ. ಆದರೆ ಅದೇ ಒಂದು ಮೂಟೆ ರಾಗಿ ಬೀಸಲು ಹೆಚ್ಚು ಹೊತ್ತು ಬೇಕಾಗುತ್ತದೆ.

ಕಾರಿನಲ್ಲಿ ಮೋಟಾರಿನ ಜಾಗದಲ್ಲಿರುವುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್. ಅದರ ತುದಿಯ ಪುಲ್ಲಿ ಬೆಲ್ಟಿನ ಮೂಲಕ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು (ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಡೈನಮೊ), ಏಸಿ ಕಂಪ್ರೆಸರನ್ನು, ಹಲವು ಗಾಡಿಗಳಲ್ಲಿ ರೇಡಿಯೇಟರ್ ನೀರು ಸುತ್ತಿಸುವ ಪಂಪನ್ನು ತಿರುಗಿಸುತ್ತದೆ. ಇವೆಲ್ಲ ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ತಿನ್ನುತ್ತವೆ. ಕ್ರ್ಯಾಂಕ್ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಇವುಗಳ ವೇಗ ಇಳಿಯುತ್ತದೆ, ತಿನ್ನುವುದೂ ಕಡಿಮೆಯಾಗುತ್ತದೆ. ಉಳಿದ ಶಕ್ತಿ ಚಕ್ರಕ್ಕೆ ಹೋಗುತ್ತದೆ ಎಂಬುದು ವಾದ.

ಇದು ಹುಟ್ಟಿದ್ದು ಅಮೆರಿಕದ ದೊಡ್ಡ ವಿ8 ಎಂಜಿನ್‌ಗಳ ಲೋಕದಲ್ಲಿ. ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳನ್ನು ರೇಸಿಗೆ ಸಿದ್ಧ ಮಾಡುವವರು ಇದನ್ನು ಹಾಕುತ್ತಾರೆ, ಅವರಿಗೆ ಇದು ಸರಿಯೂ ಹೌದು. ರೇಸಿನಲ್ಲಿ ಎಂಜಿನ್ ಇಡೀ ಹೊತ್ತು 5-6 ಸಾವಿರ ಸುತ್ತಿನ ಮೇಲೆಯೇ ಇರುತ್ತದೆ. ಅಷ್ಟು ವೇಗದಲ್ಲಿ ನೀರಿನ ಪಂಪ್ ಅಗತ್ಯಕ್ಕಿಂತ ಜೋರಾಗಿ ತಿರುಗಿ, ನೀರಿನಲ್ಲಿ ಗುಳ್ಳೆ ಎದ್ದು ತಂಪು ಮಾಡುವ ಕೆಲಸವೇ ಕೆಡಬಹುದು. ಏಸಿಯ ಮಾತೇ ಇಲ್ಲ, ಸಿಗ್ನಲ್ಲಿನಲ್ಲಿ ನಿಲ್ಲುವುದೂ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವವರು ಹಾಕಿಸಿಕೊಂಡರೆ ನಮ್ಮ ತಕರಾರಿಲ್ಲ.

ನಮ್ಮ ಕಾರಿಗೆ ಎಷ್ಟು ಸಿಗುತ್ತದೆ?

ಪಂಪಿನ ವೇಗ ಇಳಿಸಿದರೆ ಅದು ಎಳೆಯುವ ಶಕ್ತಿ ವೇಗದ ಮೂರನೇ ಘಾತದಲ್ಲಿ ಇಳಿಯುತ್ತದೆ. ಅಂದರೆ ವೇಗ ಶೇ. 20 ಇಳಿದರೆ ಶಕ್ತಿ ಸುಮಾರು ಅರ್ಧ. ಕೇಳಲು ಭರ್ಜರಿಯಾಗಿದೆ. ಲೆಕ್ಕಕ್ಕೆ ಪಂಪ್ 100 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಉಳಿತಾಯ 50 ವ್ಯಾಟ್. ಸಣ್ಣ ಕಾರೊಂದು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡಲು ಸುಮಾರು 7,000 ವ್ಯಾಟ್ ಬೇಕು. ಅಲ್ಲಿಗೆ ಉಳಿತಾಯ ಶೇ. 1 ಕೂಡ ಅಲ್ಲ. ಲೀಟರಿಗೆ 20 ಕಿ.ಮೀ. ಕೊಡುವ ಕಾರಾದರೆ ಹೆಚ್ಚುವರಿ ಸಿಗುವುದು ಸುಮಾರು 140 ಮೀಟರ್. ಟೈರಿನ ಗಾಳಿ ಸರಿಯಾಗಿ ಇಟ್ಟುಕೊಂಡರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪನ್ನು ಒಳಗಿನ ಟೈಮಿಂಗ್ ಬೆಲ್ಟ್ ತಿರುಗಿಸುತ್ತದೆ, ಹೊರಗಿನ ಪುಲ್ಲಿ ಬದಲಿಸಿದರೆ ಆ ಪಂಪಿಗೆ ಏನೂ ಆಗುವುದಿಲ್ಲ. ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಪವರ್ ಸ್ಟೀರಿಂಗ್ ವಿದ್ಯುತ್ತಿನದು, ಬೆಲ್ಟಿಗೆ ಸಂಬಂಧವಿಲ್ಲ.

ಆಲ್ಟರ್ನೇಟರ್ ಮತ್ತು ಏಸಿಯದು ರಾಗಿ ಮೂಟೆಯ ಕಥೆ. ಹೆಡ್‌ಲೈಟು, ಫ್ಯಾನು, ಮ್ಯೂಸಿಕ್ ಸಿಸ್ಟಮ್ ಕೇಳುವ ಕರೆಂಟು ಅಷ್ಟೇ ಇದ್ದರೆ, ನಿಧಾನವಾಗಿ ತಿರುಗುವ ಆಲ್ಟರ್ನೇಟರ್ ಪ್ರತಿ ಸುತ್ತಿಗೂ ಇನ್ನಷ್ಟು ಬಿಗಿಯಾಗಿ ಎಳೆಯುತ್ತದೆ. ಬೇರಿಂಗ್ ಉಜ್ಜುವಿಕೆಯಂಥ ಚಿಲ್ಲರೆ ನಷ್ಟ ಮಾತ್ರ ಉಳಿಯುತ್ತದೆ. ಏಸಿ ಕಂಪ್ರೆಸರ್ ಕೂಡ ಹಾಗೆಯೇ, ಕ್ಯಾಬಿನ್ ತಂಪಾಗುವವರೆಗೆ ಹೆಚ್ಚು ಹೊತ್ತು ಓಡುತ್ತದೆ. ಹಗುರ ಪುಲ್ಲಿಯಿಂದ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತುಸು ಚುರುಕಾಗಿ ಏರುತ್ತದೆ ಎಂಬುದು ನಿಜ. ಗಾಡಿ ಓಡುತ್ತಿದೆ ಅಂತ ಖುಷಿಯಾಗುವುದು ಹೆಚ್ಚಾಗಿ ಇದರಿಂದಲೇ.

ತೊಂದರೆ ಎಲ್ಲಿ?

ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿ ಘಾಟಿಯ ಕಡೆಗೆ ಹೋಗುತ್ತವೆ. 766 ವಯನಾಡಿನ ಮೂಲಕ ಕೋಯಿಕ್ಕೋಡಿಗೆ, ದಾರಿಯಲ್ಲಿ 9 ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಾಟಿ. 181 ಬಂಡೀಪುರ ದಾಟಿ ಊಟಿಗೆ, ಮಸಿನಗುಡಿ ಕಡೆಯಿಂದ ಹೋದರೆ 36 ತಿರುವು. ಘಾಟಿ ಹತ್ತುವಾಗ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದೀರಿ ಎನ್ನಿ. ಎಂಜಿನ್ ಕಾದಿದೆ, ಗಾಡಿ ನಿಂತಿದೆ, ಎದುರುಗಾಳಿ ಇಲ್ಲ, ಏಸಿ ಹಾಕಿದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ಸುಮಾರು 800 ಸುತ್ತಿನಲ್ಲಿದೆ. ನೀರು ಜೋರಾಗಿ ಸುತ್ತಬೇಕಾದ ಈ ಹೊತ್ತಿನಲ್ಲೇ ಅಂಡರ್‌ಡ್ರೈವ್ ಪುಲ್ಲಿ ಪಂಪಿನ ವೇಗ ಇಳಿಸುತ್ತದೆ. ಹಲವು ಜೀಪು, ಪಿಕಪ್‌ಗಳಲ್ಲಿ ರೇಡಿಯೇಟರ್ ಫ್ಯಾನ್ ಕೂಡ ಬೆಲ್ಟಿನಿಂದಲೇ ತಿರುಗುವುದು. ಸಂತೆಗೆ ತರಕಾರಿ ಹೊರುವ ಗಾಡಿಗೆ ಇದನ್ನು ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕರೆಂಟಿನ ಲೆಕ್ಕವೂ ನೋಡಿ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಆಲ್ಟರ್ನೇಟರಿನದು 50 ಮಿ.ಮೀ. ಇದ್ದರೆ ಐಡಲ್‌ನಲ್ಲಿ ಆಲ್ಟರ್ನೇಟರ್ 2,400 ಸುತ್ತು ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿ 120 ಆದರೆ 1,920. ಈ ಮಟ್ಟದಲ್ಲಿ ವೇಗ ಸ್ವಲ್ಪ ಇಳಿದರೂ ಕರೆಂಟು ಬಹಳ ಇಳಿಯುತ್ತದೆ. ಲೈಟು, ಏಸಿ ಬ್ಲೋವರ್, ವೈಪರ್ ಎಲ್ಲ ಸೇರಿದಾಗ ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಹಾಗೇ ಖಾಲಿಯಾಗುತ್ತದೆ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಎಂಟೂವರೆಗೆ ಆ ಕಾಡಿನ ನಡುವೆ ಗಾಡಿ ಸ್ಟಾರ್ಟ್ ಆಗದಿದ್ದರೆ ಇಳಿದು ತಳ್ಳುವ ಜಾಗವಲ್ಲ ಅದು, ಆನೆ ಓಡಾಡುವ ದಾರಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹಲವು ಕಾರುಗಳ ಮೂಲ ಕ್ರ್ಯಾಂಕ್ ಪುಲ್ಲಿ ಬರೀ ಪುಲ್ಲಿಯಲ್ಲ. ಒಳಗಿನ ಕಬ್ಬಿಣಕ್ಕೂ ಹೊರಗಿನ ಕಬ್ಬಿಣಕ್ಕೂ ನಡುವೆ ರಬ್ಬರ್ ಉಂಗುರವಿರುತ್ತದೆ. ಸಿಲಿಂಡರಿನಲ್ಲಿ ಪ್ರತಿ ಸಲ ಇಂಧನ ಉರಿದಾಗ ಕ್ರ್ಯಾಂಕ್‌ಶಾಫ್ಟ್ ಕೂದಲೆಳೆಯಷ್ಟು ತಿರುಚಿ ಮತ್ತೆ ನೇರವಾಗುತ್ತದೆ. ಆ ಕಂಪನವನ್ನು ನುಂಗುವುದು ಈ ರಬ್ಬರಿನ ಕೆಲಸ. ಇದನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಕಂಪನ ಕ್ರ್ಯಾಂಕ್‌ನಲ್ಲೇ ಉಳಿಯುತ್ತದೆ. ಹೊಡೆತ ಜೋರಾಗಿರುವ ಡೀಸೆಲ್ ಎಂಜಿನ್‌ಗಳಲ್ಲಿ ಇದು ಇನ್ನೂ ಕೆಟ್ಟದ್ದು. ನಾಳೆಯೇ ಏನೂ ಆಗುವುದಿಲ್ಲ. ಸಾವಿರಾರು ಕಿ.ಮೀ. ಆದಮೇಲೆ ಬೋಲ್ಟ್ ಸಡಿಲವಾಗಬಹುದು, ಕ್ರ್ಯಾಂಕ್‌ನಲ್ಲಿ ಬಿರುಕೂ ಬಿಡಬಹುದು. ಆಗ ಪುಲ್ಲಿಯ ನೆನಪು ಯಾರಿಗೂ ಇರುವುದಿಲ್ಲ. ವಾರಂಟಿ ಇರುವ ಕಾರಾದರೆ ಕಂಪನಿ ಕ್ಲೇಮ್ ತಳ್ಳಿಹಾಕಲು ಇದೊಂದೇ ಕಾರಣ ಸಾಕು.

ಈಗಾಗಲೇ ಹಾಕಿಸಿಕೊಂಡಿದ್ದರೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್, ಏಸಿ ಎರಡೂ ಹಾಕಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. 13ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಬ್ಯಾಟರಿ ಖಾಲಿಯಾಗುತ್ತಿರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬಿಚ್ಚಿದ ಹಳೆಯ ಪುಲ್ಲಿ ಗ್ಯಾರೇಜಿನಲ್ಲೇ ಇದ್ದರೆ, ಗುಜರಿಗೆ ಹೋಗುವ ಮುಂಚೆ ಕೇಳಿ ತಂದಿಟ್ಟುಕೊಳ್ಳಿ.