412 ದಿನದ ಸ್ಟ್ರೀಕ್

ಹೋದ ವರ್ಷ ಒಂದು ಮಂಗಳವಾರ ನನ್ನ ಗೆಳೆಯನ ಕೆಲಸ ಹೋಯ್ತು. ಹದಿನೈದು ನಿಮಿಷದ ವಿಡಿಯೋ ಕಾಲ್, ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಸಂಜೆ ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ಅವನೇ ಬರೆದ, ಹೀಗಾಗಿದೆ, ಪ್ರಾರ್ಥನೆ ಮಾಡಿ ಅಂತ. ರಾತ್ರಿಯೊಳಗೆ ಒಂಬತ್ತು ಜನ ಉತ್ತರ ಕೊಟ್ಟಿದ್ದರು. ಒಂಬತ್ತು ಜನರದ್ದೂ ಒಂದೇ ವಚನ: ಯೆರೆಮೀಯ 29:11. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ನಿಮ್ಮ ಬಗ್ಗೆ ದೇವರ ಮನಸ್ಸಿನಲ್ಲಿರೋದು ಒಳ್ಳೇದೇ ಹೊರತು ಕೆಟ್ಟದ್ದಲ್ಲ, ನಿಮಗೆ ಭವಿಷ್ಯ ಇದೆ ಅನ್ನೋ ಭರವಸೆಯ ಮಾತು. ಹಿಂದೆ ಸೂರ್ಯೋದಯದ ಚಿತ್ರ, ಮುಂದೆ ಚಂದದ ಅಕ್ಷರ.

ಆ ಒಂಬತ್ತು ಜನರಲ್ಲಿ ನಾನೂ ಒಬ್ಬ. ಕ್ಯಾಬಿನಲ್ಲಿ ಕೂತು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಆ್ಯಪ್ ತೆಗೆದು, ಶೇರ್ ಒತ್ತಿ ಮುಗಿಸಿದೆ. ನಾಲ್ಕು ಸೆಕೆಂಡ್ ಆಗಿರಬಹುದು.

ಅವನು ನನಗೆ ಮಾತ್ರ ಪ್ರತ್ಯೇಕವಾಗಿ ಉತ್ತರ ಬರೆದ. "ಮಚ್ಚಾ, ಅದರ ಹಿಂದಿನ ವಚನ ಓದಿದ್ದೀಯಾ? ಎಪ್ಪತ್ತು ವರ್ಷ ಆದಮೇಲೆ ಅಂತಿದೆ. ನನ್ನ ಇಎಂಐ ಐದನೇ ತಾರೀಕು."

ಓದಿರಲಿಲ್ಲ. ಅಥವಾ ಓದಿದ್ದೆ, ಕಣ್ಣು ಹಾಯಿಸಿದ್ದೆ, ಮರೆತಿದ್ದೆ. ಆವತ್ತು ನನ್ನ ಆ್ಯಪಿನಲ್ಲಿ ಬೈಬಲ್ ಓದಿನ ಸ್ಟ್ರೀಕ್ 412 ದಿನ. ಒಂದು ದಿನವೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ, ಗೋಕರ್ಣದ ಟ್ರಿಪ್ಪಿನಲ್ಲೂ, ರಾತ್ರಿ 11:56ಕ್ಕೆ ನೆನಪಾಗಿ ಹಾಸಿಗೆಯಿಂದ ಎದ್ದು ಸ್ಕ್ರೋಲ್ ಮಾಡಿ ಟಿಕ್ ಹಾಕಿದ್ದೂ ಇದೆ. 412 ದಿನ ಓದಿದ ಮನುಷ್ಯನಿಗೆ ತಾನು ಕಳಿಸಿದ ವಚನದ ಹಿಂದಿನ ಸಾಲು ಗೊತ್ತಿಲ್ಲ ಅಂದ್ರೆ ಆ 412 ದಿನ ಅವನು ಮಾಡಿದ್ದೇನು?

ಉತ್ತರ ನನಗೆ ಇಷ್ಟವಾಗಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲು ಆ ಯೆರೆಮೀಯನ ಅಧ್ಯಾಯವನ್ನೇ ನೋಡಿ. ಅದು ಒಂದು ಪತ್ರ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ರಾಜ ಯೆರೂಸಲೇಮಿನಿಂದ ರಾಜಮನೆತನದವರನ್ನು, ಕಮ್ಮಾರರನ್ನು, ಕುಶಲಕರ್ಮಿಗಳನ್ನು, ಅಂದರೆ ಆ ಕಾಲದ ಸ್ಕಿಲ್ಡ್ ವರ್ಕ್‌ಫೋರ್ಸನ್ನು ಎತ್ತಿಕೊಂಡು ಹೋಗಿದ್ದ. ಊರಲ್ಲೇ ಉಳಿದ ಯೆರೆಮೀಯ ಅವರಿಗೆ ಬರೆದ ಪತ್ರ ಇದು. ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಬರ್ತಾನೆ. ದೇವಾಲಯದಲ್ಲಿ ಜನರೆಲ್ಲ ನೋಡ್ತಿರುವಾಗ ಘೋಷಿಸ್ತಾನೆ: ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ. ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಕಿತ್ತು ಮುರೀತಾನೆ. ಭರ್ಜರಿ ಸ್ಟೇಜ್ ಶೋ. ಯೆರೆಮೀಯ ಮೊದಲು ಏನು ಹೇಳ್ತಾನೆ ಗೊತ್ತಾ? ಆಮೆನ್, ಹಾಗೇ ಆಗಲಿ ಅಂತಾನೆ. ಅವನಿಗೂ ಅದೇ ಬೇಕಾಗಿತ್ತು. ಆದರೆ ನಿಜ ಅದಲ್ಲ. ಆಮೇಲೆ ಬರೋದೇ ಈ ಪತ್ರ: ಎರಡಲ್ಲ, ಎಪ್ಪತ್ತು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ, ನಿಮ್ಮನ್ನು ಎಳೆದುಕೊಂಡು ಹೋಗಿ ಹಾಕಿದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥನೆ ಮಾಡಿ.

ಎಪ್ಪತ್ತು ವರ್ಷ ಅಂದ್ರೆ ಆ ಪತ್ರ ಕೈಗೆ ಸಿಕ್ಕ ದೊಡ್ಡವರಲ್ಲಿ ಹೆಚ್ಚುಕಮ್ಮಿ ಯಾರೂ ಮರಳಿ ಊರು ನೋಡೋದಿಲ್ಲ ಅಂತ. ಆ ಭವಿಷ್ಯ ಅವರ ಮೊಮ್ಮಕ್ಕಳದ್ದು. ಪತ್ರ ಓದಿ ಯಾರೂ ಸ್ಟೇಟಸ್ ಹಾಕಿರಲಿಕ್ಕಿಲ್ಲ.

ಈಗ ನಾವೇನು ಮಾಡ್ತಿದ್ದೀವಿ? ಆ ಪತ್ರದಿಂದ ಒಂದು ಸಾಲು ಕಿತ್ತು, ಎಪ್ಪತ್ತು ವರ್ಷವನ್ನು ಕತ್ತರಿಸಿ ಬಿಸಾಕಿ, ಇನ್ನೇನು ಸರಿಹೋಗುತ್ತೆ ಬ್ರೋ ಅನ್ನೋ ಅರ್ಥದಲ್ಲಿ ಕಳಿಸ್ತಿದ್ದೀವಿ. ಇನ್ನೇನು ಸರಿಹೋಗುತ್ತೆ ಅನ್ನೋದು ಯೆರೆಮೀಯನ ಮಾತಲ್ಲ, ಹನನ್ಯನದ್ದು. ಯೆರೆಮೀಯನ ಹೆಸರು ಹಾಕಿ ಹನನ್ಯನ ಪ್ರಸಂಗ ಫಾರ್ವರ್ಡ್ ಮಾಡ್ತಿದ್ದೀವಿ. ನನ್ನ ಗೆಳೆಯನಿಗೆ ಆ ಇಡೀ ಪತ್ರ ಬೇಕಾಗಿತ್ತು. ಹಾವೇರಿಯಿಂದ ಬಂದು ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಬಾಡಿಗೆಗಿರೋ ಹುಡುಗನಿಗೆ, ಇದು ನಿನ್ನೂರಲ್ಲ ಅಂತ ದಿನಾ ಅನ್ನಿಸೋ ಊರಲ್ಲಿ ಗಿಡ ನೆಡು, ಇಲ್ಲೇ ಬದುಕು, ಇದರ ಒಳ್ಳೇದು ಬಯಸು ಅನ್ನೋ ಮಾತಿಗೆ ಎಷ್ಟು ಬೆಲೆ ಇದೆ! ನಾವು ಅದನ್ನು ಬಿಟ್ಟು ಗ್ರೀಟಿಂಗ್ ಕಾರ್ಡ್ ಕೊಟ್ವಿ.

ಇದು ಮೊಬೈಲಿನಿಂದ ಬಂದ ರೋಗ ಅಂತ ಸುಲಭಕ್ಕೆ ಹೇಳಿಬಿಡಬಹುದು. ಅಲ್ಲ. ನಮ್ಮ ಎಷ್ಟೋ ಚರ್ಚುಗಳಲ್ಲಿ ಡಿಸೆಂಬರ್ 31ರ ರಾತ್ರಿ ವಾಗ್ದಾನದ ಕಾರ್ಡ್ ಎತ್ತೋ ಪದ್ಧತಿ ಇದೆ. ತಟ್ಟೆ ತುಂಬ ಕಾರ್ಡು, ಒಂದೊಂದರಲ್ಲೂ ಒಂದು ವಚನ, ನಿಮ್ಮ ಕೈಗೆ ಬಂದದ್ದು ಆ ವರ್ಷಕ್ಕೆ ನಿಮ್ಮದು. ಚಿಕ್ಕಂದಿನಲ್ಲಿ ನನಗೆ ಅದು ಕೇಕಿಗಿಂತ ದೊಡ್ಡ ಆಕರ್ಷಣೆ. ಇಷ್ಟು ವರ್ಷದಲ್ಲಿ ಯಾರ ಕೈಗಾದರೂ 88ನೇ ಕೀರ್ತನೆಯ ಕಾರ್ಡ್ ಬಂದದ್ದು ನಾನು ನೋಡಿಲ್ಲ. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯೋ ಪ್ರಾರ್ಥನೆ. ಕೊನೆಗೊಂದು ಬೆಳಕಿನ ಸಾಲನ್ನೂ ಬರೆದವನು ಸೇರಿಸಿಲ್ಲ. ತಟ್ಟೆಗೆ ಹಾಕೋ ಮೊದಲೇ ಯಾರೋ ಅದನ್ನು ಆರಿಸಿ ತೆಗೆದಿರ್ತಾರೆ. ಇದರಲ್ಲಿ ದೊಡ್ಡವರೂ ಹಿಂದೆ ಬಿದ್ದಿಲ್ಲ. ಎಲ್ಲ ಕೀರ್ತನೆಗಳನ್ನೂ ಸರದಿಯಂತೆ ಪ್ರಾರ್ಥಿಸಬೇಕಾದ ಕಥೋಲಿಕ ಪ್ರಾರ್ಥನಾ ಪುಸ್ತಕದಿಂದ 1971ರಲ್ಲಿ ಮೂರು ಕೀರ್ತನೆಗಳನ್ನು, 58, 83, 109, ಪೂರ್ತಿ ಬಿಟ್ಟುಬಿಟ್ಟರು. ಶಾಪ ಜಾಸ್ತಿ ಇದೆ ಅಂತ. ಅನ್ಯಾಯಕ್ಕೊಳಗಾದವನು ದೇವರ ಮುಂದೆ ಶಪಿಸದೆ ಇನ್ನೆಲ್ಲಿ ಶಪಿಸಬೇಕೋ ನನಗಂತೂ ತಿಳಿಯದು.

ಎಲ್ಲಕ್ಕಿಂತ ತಮಾಷೆ ಯೋಬ 8:7. ಆರಂಭ ಚಿಕ್ಕದಾದರೂ ಮುಂದೆ ಬಹಳ ಹೆಚ್ಚುತ್ತೀಯ ಅನ್ನೋ ಭಾವದ ಈ ವಚನವನ್ನು ನಾನು ಒಂದು ಬೇಕರಿಯ ಗೋಡೆ ಮೇಲೆ ನೋಡಿದ್ದೀನಿ, ಮದುವೆ ಕಾರ್ಡಿನಲ್ಲಿ ನೋಡಿದ್ದೀನಿ, ಒಬ್ಬ ಸ್ಟಾರ್ಟಪ್ ಹುಡುಗನ ಲಿಂಕ್ಡ್‌ಇನ್‌ನಲ್ಲೂ ನೋಡಿದ್ದೀನಿ. ಇದನ್ನು ಹೇಳಿದ್ದು ದೇವರಲ್ಲ, ಪ್ರವಾದಿಯೂ ಅಲ್ಲ, ಬಿಲ್ದದ. ಯೋಬನ ಮೂವರು ಗೆಳೆಯರಲ್ಲಿ ಒಬ್ಬ. ಮೂರು ಸಾಲು ಹಿಂದೆ ಹೋಗಿ: ಹತ್ತು ಮಕ್ಕಳನ್ನು ಕಳಕೊಂಡು ಬೂದಿಯಲ್ಲಿ ಕೂತಿರೋ ಮನುಷ್ಯನಿಗೆ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದರ ಫಲ ಉಂಡರು ಅಂತ ಇದೇ ಬಿಲ್ದದ ಹೇಳ್ತಾನೆ. ಪುಸ್ತಕದ ಕೊನೆಗೆ, 42ನೇ ಅಧ್ಯಾಯದಲ್ಲಿ, ನನ್ನ ಬಗ್ಗೆ ನೀವು ಸರಿಯಾಗಿ ಮಾತಾಡಲಿಲ್ಲ ಅಂತ ಈ ಮೂವರ ಮೇಲೂ ದೇವರು ಕೋಪ ಮಾಡಿಕೊಳ್ತಾನೆ. ದೇವರೇ ತಿರಸ್ಕರಿಸಿದ ಮಾತಿಗೆ ಫ್ರೇಮ್ ಹಾಕಿ ಗಲ್ಲಾಪೆಟ್ಟಿಗೆ ಮೇಲೆ ನೇತುಹಾಕಿದ್ದೀವಿ. ಬಿಡಿ ವಚನ ಓದಿದರೆ ಇದು ಯಾವತ್ತೂ ಗೊತ್ತಾಗಲ್ಲ. ಬಿಡಿ ವಚನಕ್ಕೆ ಮಾತಾಡಿದವರು ಯಾರು ಅನ್ನೋದೇ ಇರಲ್ಲ.

(ನೀವು ಕ್ರೈಸ್ತರಲ್ಲದಿದ್ರೆ ನಗಬೇಡಿ. ನಿಮ್ಮನೆ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆ ಆರಕ್ಕೆ ಬರೋ ಗೀತೆಯ ಅರ್ಧ ಶ್ಲೋಕ, ಬಸವಣ್ಣನವರ ಹೆಸರಲ್ಲಿ ಬರೋ ಒಂದೂವರೆ ಸಾಲು ಒಂದ್ಸಲ ನೆನಪಿಸಿಕೊಳ್ಳಿ.)

ಅಷ್ಟಕ್ಕೂ ಈ ಸಂಖ್ಯೆಗಳೇ ಮೂಲದಲ್ಲಿ ಇಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಆರಂಭದ್ದು. ಹೊಸ ಒಡಂಬಡಿಕೆಗೆ ನಾವು ಬಳಸೋ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕ, 1551ರಲ್ಲಿ. ಹುಡುಕಲಿಕ್ಕೆ ಅನುಕೂಲ ಆಗಲಿ ಅಂತ ಹಾಕಿದ ಮೈಲಿಗಲ್ಲುಗಳು ಅವು. ನಾವು ಮೈಲಿಗಲ್ಲಿಗೇ ಪೂಜೆ ಮಾಡ್ಕೊಂಡು ಕೂತಿದ್ದೀವಿ, ರಸ್ತೆ ನಡೀತಿಲ್ಲ.

ಇದನ್ನೆಲ್ಲ ಹೇಳಿದಾಗ ನಮ್ಮ ಗ್ರೂಪಿನ ಒಬ್ಬಾಕೆ ಸರಿಯಾಗೇ ತಿರುಗಿ ಕೇಳಿದಳು: ಏನೂ ಓದದೆ ಇರೋದಕ್ಕಿಂತ ಒಂದು ವಚನ ವಾಸಿ ಅಲ್ವಾ? ನನಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗ್, ಎರಡು ವರ್ಷದ ಮಗು, ಅತ್ತೆಗೆ ಇನ್ಸುಲಿನ್. ನೀನು ಬ್ಯಾಚುಲರ್, ನಿನಗೇನು.

ಒಪ್ಪಿದೆ. ದಿನಕ್ಕೊಂದು ವಚನ ಅನ್ನೋದಕ್ಕೆ ಮರ್ಯಾದಸ್ಥ ಇತಿಹಾಸವೇ ಇದೆ. ಜರ್ಮನಿಯ ಹೆರ್ನ್‌ಹುಟ್ ಅನ್ನೋ ಸಣ್ಣ ಊರಿನಲ್ಲಿ 1728ರ ಮೇ ತಿಂಗಳಲ್ಲಿ ತ್ಸಿನ್ತ್ಸೆಂಡೋರ್ಫ್ ಅನ್ನೋ ಪ್ರಭು ಇದನ್ನು ಶುರುಮಾಡಿದ. 1731ರಿಂದ ಅದು ಪ್ರತಿವರ್ಷ ಪುಸ್ತಕವಾಗಿ ಬರ್ತಿದೆ, ಹತ್ತಾರು ಭಾಷೆಗಳಲ್ಲಿ, ಇವತ್ತಿಗೂ. ವಚನಗಳನ್ನು ಚೀಟಿ ಎತ್ತಿಯೇ ಆರಿಸ್ತಾರೆ. ಹಾಗಾದರೆ ನಮ್ಮ ನೋಟಿಫಿಕೇಶನ್‌ಗೂ ಅದಕ್ಕೂ ಏನು ವ್ಯತ್ಯಾಸ? ಅಚ್ಚಾಗೋ ಮೊದಲಿನ ಆ ದಿನಗಳಲ್ಲಿ ಯಾರಾದರೊಬ್ಬರು ಮನೆಮನೆಗೆ ನಡಕೊಂಡು ಹೋಗಿ ಬಾಗಿಲು ಬಡಿದು ಆ ದಿನದ ವಚನ ಹೇಳೋರು. ಹಾಗೇ, ಮನೆಯವರು ಹೇಗಿದ್ದಾರೆ ಅಂತ ವಿಚಾರಿಸೋರು. ವಚನದ ಜೊತೆ ಒಬ್ಬ ಮನುಷ್ಯ ಬರ್ತಿದ್ದ. ಕೆಲಸ ಹೋದವನ ಬಾಗಿಲಿಗೆ ನಮ್ಮಲ್ಲಿ ಒಂಬತ್ತು ಜನರ ಪೈಕಿ ಒಬ್ಬರೂ ಹೋಗಲಿಲ್ಲ. ಹೋಗಿದ್ದರೆ ವಚನ ಯಾವುದಾದರೂ ನಡೀತಿತ್ತು.

ಇನ್ನು ವರ್ಷಕ್ಕೊಂದು ಸಲ ಇಡೀ ಬೈಬಲ್ ಮುಗಿಸೋ ಮ್ಯಾರಥಾನ್ ಓಟಗಾರರು. ಜನವರಿ ಒಂದಕ್ಕೆ ಆದಿಕಾಂಡ, ಫೆಬ್ರವರಿ ಹೊತ್ತಿಗೆ ಯಾಜಕಕಾಂಡದ ಕುಷ್ಠ, ಬೂಷ್ಟುಗಳ ನಿಯಮದಲ್ಲಿ ಸಮಾಧಿ. ನಾನೂ ಮೂರು ವರ್ಷ ಅಲ್ಲೇ ಸತ್ತಿದ್ದೀನಿ. 1189 ಅಧ್ಯಾಯವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಮೂರು ಚಿಲ್ಲರೆ. ಟಾರ್ಗೆಟ್, ಕ್ಯಾಚ್‌ಅಪ್, ಬ್ಯಾಕ್‌ಲಾಗ್. ಆಫೀಸಿನದ್ದೇ ಭಾಷೆ, ಮ್ಯಾನೇಜರ್ ಜಾಗದಲ್ಲಿ ದೇವರು. ಇಂಥ ಯೋಜನೆಗಳಲ್ಲಿ ತುಂಬ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಯುವ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಚೇನ್ ತನ್ನ ಸಭೆಗಾಗಿ 1842ರಲ್ಲಿ ಮಾಡಿದ್ದು. ದಿನಕ್ಕೆ ನಾಲ್ಕು ಅಧ್ಯಾಯ. ಆ ಪಟ್ಟಿ ಇವತ್ತಿಗೂ ಪಿಡಿಎಫ್ ಆಗಿ ಓಡಾಡ್ತಿದೆ. ಅದರ ಜೊತೆ ಅವನೇ ಬರೆದ ಅಪಾಯಗಳ ಪಟ್ಟಿ ಮಾತ್ರ ಯಾರ ಪಿಡಿಎಫ್‌ನಲ್ಲೂ ನಾನು ಕಂಡಿಲ್ಲ. ಓದು ಬರೀ ಶಾಸ್ತ್ರಕ್ಕಾಗಬಹುದು, ನಾನೇ ನೀತಿವಂತ ಅನ್ನೋ ಹಮ್ಮು ಬರಬಹುದು, ಗಮನವಿಲ್ಲದೆ ಓದಬಹುದು, ಕೆಲವರಿಗೆ ಹೊರಲಾರದ ನೊಗ ಆಗಬಹುದು ಅಂತ ಸ್ವತಃ ಯೋಜನೆ ಮಾಡಿದವನೇ ಎಚ್ಚರಿಸಿದ್ದಾನೆ. ಮುಂದಿನ ವರ್ಷವೇ ಅವನು ತೀರಿಕೊಂಡ, 29 ವಯಸ್ಸು. ನನ್ನ 412ರಲ್ಲಿ ಆ ನಾಲ್ಕೂ ಅಪಾಯ ಇದ್ದವು.

ಹಾಗಾದ್ರೆ ಏನು ಮಾಡೋದು ಅಂತ ಆಕೆ ಕೇಳಿದ್ದಕ್ಕೆ ನನಗೆ ತೋಚಿದ್ದು ಹೇಳ್ತೀನಿ. ಒಂದು ಪುಸ್ತಕ ಹಿಡೀರಿ, ಚಿಕ್ಕದು. ಯೋನ 48 ವಚನ. ರೂತಳು 85. ಫಿಲಿಪ್ಪಿಯವರಿಗೆ ಬರೆದ ಪತ್ರ 104. ಗಟ್ಟಿಯಾಗಿ ಓದಿದರೂ ಫಿಲಿಪ್ಪಿ ಒಂದು ಕಾಲು ಗಂಟೆ, ಇನ್‌ಸ್ಟಾದಲ್ಲಿ ಅಷ್ಟು ಹೊತ್ತು ಹೋಗೋದು ನಿಮಗೂ ಗೊತ್ತಿದೆ. ಶನಿವಾರ ಒಂದ್ಸಲ ಪೂರ್ತಿ ಓದಿ. ವಾರವೆಲ್ಲ ಅದರ ಒಂದೇ ತುಣುಕಿನ ಜೊತೆ ಇರಿ. ಮುಂದಿನ ಶನಿವಾರ ಮತ್ತೆ ಪೂರ್ತಿ. ಮೂರನೇ ಸಲಕ್ಕೆ ಆ ಮನುಷ್ಯ ಜೈಲಿನಿಂದ ಬರೀತಿದ್ದಾನೆ ಅನ್ನೋದು ಮೈಗೆ ತಟ್ಟುತ್ತೆ. ಜಿಮ್ ಟೀಶರ್ಟಿನ ಮೇಲೆ ಹಾಕಿಕೊಳ್ಳೋ 4:13, ನಾನು ಏನನ್ನಾದರೂ ಮಾಡಬಲ್ಲೆ ಅನ್ನೋ ಧಾಟಿಯ ವಚನ, ನಿಜಕ್ಕೂ ಹಸಿವನ್ನೂ ಹೊಟ್ಟೆ ತುಂಬಿರೋದನ್ನೂ ಒಂದೇ ಸಮಾಧಾನದಿಂದ ತಡಕೊಳ್ಳೋದರ ಬಗ್ಗೆ ಇದೆ, ಡೆಡ್‌ಲಿಫ್ಟ್ ಬಗ್ಗೆ ಅಲ್ಲ ಅಂತ ತಾನಾಗೇ ಕಾಣುತ್ತೆ. ಒಂದು ದಿನ ತಪ್ಪಿತಾ? ತಪ್ಪಲಿ. ಪತ್ರಕ್ಕೆ ಸ್ಟ್ರೀಕ್ ಇರಲ್ಲ.

ಇದು ಹೊಸ ಐಡಿಯಾ ಏನಲ್ಲ. ಆರನೇ ಶತಮಾನದಲ್ಲೇ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ, ತಪಸ್ಸುಕಾಲದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿಂದ ಕೊನೆವರೆಗೆ ಕ್ರಮವಾಗಿ ಓದಬೇಕು ಅಂತ ಹಾಕಿದ್ದ. ನಮ್ಮಮ್ಮನಿಗೆ ಬೆನೆಡಿಕ್ಟ್ ಗೊತ್ತಿಲ್ಲ. ಬೈಂಡಿಂಗ್ ಬಿಟ್ಟುಹೋದ ಸತ್ಯವೇದ ತೊಡೆ ಮೇಲಿಟ್ಟು, ಬೆರಳು ಸಾಲಿನ ಮೇಲೆ ಓಡಿಸ್ತಾ, ತುಟಿ ಅಲ್ಲಾಡಿಸಿ ಓದ್ತಾಳೆ. ಅರ್ಥ ಆಗದ ಕಡೆ ನಿಲ್ಲಿಸಿ "ಇದೇನಿದು" ಅಂತ ಗಟ್ಟಿಯಾಗೇ ಕೇಳ್ತಾಳೆ, ಯಾರನ್ನು ಕೇಳ್ತಾಳೋ ದೇವರಿಗೇ ಗೊತ್ತು. ಇಂಗ್ಲಿಷ್ ಆ್ಯಪಿನಲ್ಲಿ ಓದುವಾಗ ನನಗೆ ಹಾಗೆ ಎಲ್ಲೂ ಎಡವಿದ ನೆನಪಿಲ್ಲ. ಎಲ್ಲ ನುಣ್ಣಗೆ ಜಾರಿಹೋಗ್ತಿತ್ತು. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಅಂಥವರು ಸುಮಾರು ಎರಡು ಶತಮಾನದ ಹಿಂದೆ ಇದನ್ನು ಕನ್ನಡಕ್ಕೆ ತರೋಕೆ ವರ್ಷಗಟ್ಟಲೆ ಹೆಣಗಿದ್ದು ನಾವು ಜಾರಿಕೊಂಡು ಹೋಗಲಿ ಅಂತಲ್ಲ. ಎಡವಬೇಕಾದರೆ ಅಮ್ಮನ ಭಾಷೆಯಲ್ಲೇ ಓದಬೇಕು ಅಂತ ನನಗೆ ಮೂವತ್ತೊಂದನೇ ವಯಸ್ಸಿಗೆ ಹೊಳೀತು.

ಐದನೇ ತಾರೀಕಿನ ಕಥೆ: ನಾವು ಮೂವರು ಸೇರಿ ಎರಡು ತಿಂಗಳ ಇಎಂಐ ಕಟ್ಟಿದ್ವಿ. ಅವನಿಗೆ ಐದನೇ ತಿಂಗಳಲ್ಲಿ ಕೆಲಸ ಸಿಕ್ತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಅದನ್ನು 29:11ರ ನೆರವೇರಿಕೆ ಅಂತ ಗ್ರೂಪಿನಲ್ಲಿ ಯಾರೋ ಹಾಕಿದರು, ಅವನು ಗ್ರೂಪನ್ನು ಮ್ಯೂಟ್ ಮಾಡಿದ. ನನ್ನ ಸ್ಟ್ರೀಕ್ 413ಕ್ಕೆ ಹೋಗಲಿಲ್ಲ. ಈಗ ಶನಿವಾರ ಸಂಜೆ ಅವನ ಮನೆಯಲ್ಲಿ ಸೇರ್ತೀವಿ, ಯೋಬನನ್ನು ಕನ್ನಡದಲ್ಲಿ ಸರದಿ ಮೇಲೆ ಗಟ್ಟಿಯಾಗಿ ಓದ್ತೀವಿ. ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಏನೂ ಮಾತಾಡದೆ ಯೋಬನ ಪಕ್ಕ ನೆಲದ ಮೇಲೆ ಕೂತ ಜಾಗಕ್ಕೆ ಬಂದಾಗ ಅವನು ಪುಸ್ತಕ ಕೆಳಗಿಟ್ಟು, "ಇಷ್ಟಕ್ಕೇ ನಿಲ್ಲಿಸಿದ್ರೆ ಇವರು ಒಳ್ಳೆಯವರೇ ಆಗಿದ್ರು" ಅಂದ. ಆವತ್ತು ಮುಂದೆ ಓದಲಿಲ್ಲ, ಟೀ ಇಟ್ಟ.