ಖಡ್ಗ ಬೇಡ, ಗದೆಯಾದರೆ ಆದೀತೇ?

ಆಟಗಾರರು ಒಂದೊಂದು ಪಾತ್ರ ವಹಿಸಿ ಆಡುವ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಕ್ಲೆರಿಕ್ ಎಂಬ ಧರ್ಮಗುರುವಿಗೆ ಅಲಗಿನ ಆಯುಧ ನಿಷಿದ್ಧವಾಗಿತ್ತು. ಖಡ್ಗ ಹಿಡಿಯುವಂತಿಲ್ಲ, ಗದೆಯಿಂದ ತಲೆ ಒಡೆಯಬಹುದು! ಸತ್ತವನಿಗೆ ಇದರಿಂದೇನು ವ್ಯತ್ಯಾಸ? ಧರ್ಮವನ್ನು ಆಯುಧದ ಆಕಾರದಲ್ಲಿ ಹುಡುಕುವ ಈ ನಿಯಮ 2000ದ ಮೂರನೇ ಆವೃತ್ತಿಯಲ್ಲಿ ಹೋಯಿತು. ನಷ್ಟವೇನೂ ಆಗಲಿಲ್ಲ.

ಪಾಲಡಿನ್ ಎಂಬ ಧರ್ಮಯೋಧನ ನಿಯಮ ಹಾಗಲ್ಲ. 1978ರ ಕೈಪಿಡಿಯ ಪ್ರಕಾರ ಅವನು ಆದಾಯದ ಹತ್ತನೇ ಒಂದು ಪಾಲನ್ನು ದಾನ ಮಾಡಬೇಕು. ಬೇಕೆಂದೇ ಕೆಡುಕು ಮಾಡಿದರೆ ಆ ಪದವಿ ಶಾಶ್ವತವಾಗಿ ಹೋಗುತ್ತದೆ. ಇಲ್ಲಿ ವಿಚಾರಣೆ ಆಯುಧದ್ದಲ್ಲ, ಕೃತ್ಯದ್ದು. 2008ರ ನಾಲ್ಕನೇ ಆವೃತ್ತಿ ಕಿತ್ತೆಸೆದದ್ದು ಇದನ್ನೇ. 2014ರ ಐದನೇ ಆವೃತ್ತಿ ಪ್ರತಿಜ್ಞೆಗಳನ್ನು ತಂದರೂ, ಮುರಿದವನ ಗತಿಯನ್ನು ಆಟ ನಡೆಸುವವನ ವಿವೇಚನೆಗೆ ಬಿಟ್ಟಿತು.

ಆಟ ನಡೆಸುವವರು ಹಳೆಯ ನಿಯಮವನ್ನು ಬಳಸಿ, ಯಾವ ದಾರಿ ಹಿಡಿದರೂ ತಪ್ಪಾಗುವಂತಹ ಇಕ್ಕಟ್ಟಿಗೆ ಆಟಗಾರನನ್ನು ದೂಡುತ್ತಿದ್ದರೆಂಬ ದೂರಿದೆ. ದೂರು ನ್ಯಾಯವೇ. ಆದರೆ ಅದಕ್ಕೆ ಮದ್ದು ಮುಂಚಿತವಾಗಿ ಎಚ್ಚರಿಸುವುದು, ಪ್ರಾಯಶ್ಚಿತ್ತಕ್ಕೆ ಅವಕಾಶ ನೀಡುವುದು, ಹೊಣೆಗಾರಿಕೆಯನ್ನೇ ಅಳಿಸುವುದಲ್ಲ. ದೇವರ ಹೆಸರಲ್ಲಿ ಅಧಿಕಾರ ಪಡೆದವನು ಏನು ಮಾಡಿದರೂ ಅದು ಉಳಿಯುತ್ತದೆಂದಾದರೆ ಅಲ್ಲಿ ಧರ್ಮಕ್ಕೇನು ಕೆಲಸ? ಆಟದಲ್ಲೂ ಆ ಪಾಠ ಬೇಡ.