ಕೇಸು ಗೆದ್ದರೂ ಖರ್ಚು ನಮ್ಮದೇನಾ?

ಕಂಪ್ಲಿಯಲ್ಲಿ ನಿಮ್ಮ ಮನೆಗೆ ಒಂದು ನೋಟಿಸ್ ಬರುತ್ತೆ ಅಂದುಕೊಳ್ಳಿ: ‘ಕಟ್ಟಡ ಅಕ್ರಮ, ತೆರವು ಮಾಡಿ.’ ಯಜಮಾನರು ವಕೀಲರ ಹತ್ತಿರ ಓಡುತ್ತಾರೆ, ನಿಮ್ಮ ಬಳೆ ಅಡವಿಗೆ ಹೋಗುತ್ತೆ. ವರ್ಷಗಟ್ಟಲೆ ಅಲೆದ ಮೇಲೆ ಕೋರ್ಟು ‘ನೋಟಿಸೇ ತಪ್ಪು’ ಅನ್ನುತ್ತೆ. ಸಂತೋಷ. ಆದರೆ ಫೀಸಿಗೆ ಹೋದ ದುಡ್ಡು?

ಅದನ್ನು ಕೇಳುವ ಹಕ್ಕು ನಿಮಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 35ರಂತೆ, ಸೋತವರು ಗೆದ್ದವರ ಖರ್ಚು ಕೊಡುವುದೇ ಸಾಮಾನ್ಯ ನಿಯಮ. ಬೇಡವೆಂದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಎದುರಿಗಿರುವುದು ಸರ್ಕಾರಿ ಇಲಾಖೆಯಾದರೂ ಅಷ್ಟೇ. ನಿಜವಾಗಿ ಆದ, ನ್ಯಾಯವಾದ ಖರ್ಚನ್ನೇ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿದೆ. ಆದರೂ ‘ಅವರವರ ಖರ್ಚು ಅವರವರದು’ ಎಂದು ಮುಗಿಯುವ ತೀರ್ಪುಗಳು ಬಹಳ. ಸುಳ್ಳು ತಕರಾರಿಗೆ ಸೆಕ್ಷನ್ 35ಎ ಕೊಡಿಸುವ ಪರಿಹಾರವೂ ಸಾಮಾನ್ಯ ದಾವೆಗಳಲ್ಲಿ 3,000 ರೂಪಾಯಿ ದಾಟದು!

ಈಚೆಗೆ ಗಾಳಿ ಸ್ವಲ್ಪ ಬದಲಾಗಿದೆ. 15 ದಿನದ ನೋಟಿಸ್ ಇಲ್ಲದೆ ಮನೆ ಕೆಡವಬಾರದು, ತಪ್ಪಿದರೆ ಅಧಿಕಾರಿಯೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು ಎಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಯಾಗರಾಜ್‌ನಲ್ಲಿ ಮನೆ ಕಳೆದುಕೊಂಡವರಿಗೆ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದಿಂದ ತಲಾ 10 ಲಕ್ಷ ರೂಪಾಯಿ ಕೊಡಿಸಿತು.

ಹಾಗಂತ ಎಲ್ಲ ನೋಟಿಸೂ ಅನ್ಯಾಯವಲ್ಲ. ರಸ್ತೆ, ಫುಟ್‌ಪಾತ್, ನದಿ ದಡದ ಒತ್ತುವರಿಗೆ ಆ ಆದೇಶದ ರಕ್ಷಣೆ ಇಲ್ಲ. ತುಂಗಭದ್ರೆಯ ಪಕ್ಕದಲ್ಲಿರುವ ನಮಗೆ ಇದು ನೆನಪಿರಬೇಕು. ಹಂಪಿ ಎದುರಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ನವರು ಸುಪ್ರೀಂ ಕೋರ್ಟ್ ತನಕ ಹೋದರೂ 2020ರಲ್ಲಿ ಸೋತರು. ಕಟ್ಟಡವೂ ಹೋಯಿತು, ಖರ್ಚೂ ಹೋಯಿತು. ಆದ್ದರಿಂದ ಮೊದಲು ನಿಮ್ಮ ಕಾಗದಪತ್ರ ನೋಡಿಸಿ.

ನೀವು ಮಾಡಬೇಕಾದ್ದು:

* ನೋಟಿಸನ್ನು ಲಕೋಟೆ ಸಮೇತ ಇಟ್ಟುಕೊಳ್ಳಿ. ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ.

* ವಕೀಲರ ಫೀಸಿಗೆ ರಸೀದಿ ಕೇಳಿ. ‘ಏನಂದುಕೊಳ್ತಾರೋ’ ಅನ್ನುವ ಸಂಕೋಚ ಬೇಡ.

* ದಾವೆಯಲ್ಲೇ ‘ಖರ್ಚು ಸಹಿತ’ ಎಂದು ಕೇಳಿಸಿ; ತೀರ್ಪಿಗೆ ಮುಂಚೆ ಖರ್ಚಿನ ಪಟ್ಟಿ ಕೊಡಿಸಿ.

* ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮನೆ ನಿಮ್ಮ ಹೆಸರಿನಲ್ಲಿದ್ದರೆ ಅರ್ಜಿ ನೀವೇ ಹಾಕಿ.

‘ಗೆದ್ದೆವಲ್ಲ, ಸಾಕು ಬಿಡಿ’ ಅನ್ನಬೇಡಿ. ಕೇಳದೆ ಹೋದರೆ ಆ ಬಳೆಯ ದುಡ್ಡು ಯಾರೂ ಕೊಡುವುದಿಲ್ಲ.